ತಾಮ್ರದ ತಗಡಿನ ಮೇಲೆ ತಿರುಹೃದಯ

ಪೆಂತೆಕೋಸ್ತ್ ಹಬ್ಬ ಕಳೆದು, ಪರಮಪ್ರಸಾದದ ಮಹೋತ್ಸವವೂ ಮುಗಿದ ಮೇಲೆ ಬರುವ ಶುಕ್ರವಾರ ಯೇಸುಸ್ವಾಮಿಯ ತಿರುಹೃದಯದ ಮಹೋತ್ಸವ. ಹೆಚ್ಚಾಗಿ ಅದು ಜೂನ್ ತಿಂಗಳಲ್ಲಿಯೇ ಬರುತ್ತದೆ. ಆದ್ದರಿಂದಲೇ ಜೂನ್ ತಿಂಗಳನ್ನು ನಾವು ತಿರುಹೃದಯದ ತಿಂಗಳೆಂದು ಕರೆಯುತ್ತೇವೆ. ಕಥೋಲಿಕ ಮನೆಯೊಂದಕ್ಕೆ ಕಾಲಿಟ್ಟರೆ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ತಿರುಹೃದಯದ ಪಟ. ಅದರ ಮುಂದೆ ಒಂದು ಪುಟ್ಟ ದೀಪ ಉರಿಯುತ್ತಿರುತ್ತದೆ. ಮನೆ ಹೆಂಚಿನದಾಗಲಿ, ತಾರಸಿಯದಾಗಲಿ, ಬಾಡಿಗೆಯ ಒಂದೇ ಕೋಣೆಯಾಗಲಿ, ಆ ಪಟಕ್ಕೊಂದು ಜಾಗ ಇದ್ದೇ ಇರುತ್ತದೆ. ಸಂಜೆಯ ಜಪಮಾಲೆಗೆ ಮನೆಮಂದಿಯೆಲ್ಲ ಮೊಣಕಾಲೂರುವುದೂ ಅದರ ಮುಂದೆಯೇ.

ಹುಟ್ಟಿದಂದಿನಿಂದ ನೋಡುತ್ತಿರುವುದರಿಂದಲೋ ಏನೋ, ಈ ಪಟಕ್ಕೂ ಒಂದು ಚರಿತ್ರೆಯಿದೆ ಎಂಬುದು ನಮ್ಮ ಮನಸ್ಸಿಗೆ ಹೊಳೆಯುವುದಿಲ್ಲ. ಯೇಸುಸ್ವಾಮಿಯ ಮುಖ, ಉರಿಯುವ ಹೃದಯ, ಅದನ್ನು ಸುತ್ತಿದ ಮುಳ್ಳಿನ ಕಿರೀಟ, ಅದರತ್ತ ತೋರುವ ಕೈ, ಇವೆಲ್ಲ ಒಂದೇ ಚಿತ್ರದಲ್ಲಿ ಕೂಡಿಬಂದು ಲೋಕದ ತುಂಬ ಹರಡಿದ್ದರ ಹಿಂದೆ ರೋಮ್ ನಗರದ ಒಂದು ಚಿಕ್ಕ ತೈಲಚಿತ್ರವಿದೆ. ಅದನ್ನು ಬರೆದವರು ಪೊಂಪೆಯೊ ಬಟೋನಿ ಎಂಬ ಇಟಲಿಯ ಕಲಾವಿದರು. ಬರೆದದ್ದು 1767ರಲ್ಲಿ. ಆ ಚಿತ್ರದ ಕಥೆಯನ್ನು ತಿಳಿದರೆ ನಮ್ಮ ಮನೆಯ ಪಟವನ್ನು ನಾವು ನೋಡುವ ರೀತಿಯೂ ಸ್ವಲ್ಪ ಬದಲಾದೀತು.

ಅಕ್ಕಸಾಲಿಗನ ಮಗ

ಬಟೋನಿ ಹುಟ್ಟಿದ್ದು 1708ರಲ್ಲಿ, ಇಟಲಿಯ ಲುಕ್ಕಾ ಎಂಬ ಊರಿನಲ್ಲಿ. ತಂದೆ ಅಕ್ಕಸಾಲಿಗರು. ಬಾಲಕ ಬಟೋನಿಯೂ ಮೊದಲು ಕಲಿತದ್ದು ಚಿನ್ನಬೆಳ್ಳಿಯ ಕುಸುರಿ ಕೆಲಸವನ್ನೇ. ಚಿತ್ರಕಲೆಯಲ್ಲಿ ಅವರಿಗಿದ್ದ ಒಲವನ್ನು ಕಂಡವರು ನೆರವಾದರು. 1727ರಲ್ಲಿ ಅವರು ರೋಮ್ ನಗರಕ್ಕೆ ಬಂದರು. ಹಳೆಯ ರೋಮನ್ ಶಿಲ್ಪಗಳನ್ನೂ ರಾಫೇಲರ ಚಿತ್ರಗಳನ್ನೂ ನೋಡಿ ನೋಡಿ ಕೈ ಪಳಗಿಸಿಕೊಂಡರು. ಶಿಲ್ಪಗಳ ರೇಖಾಚಿತ್ರಗಳನ್ನು ರೋಮಿಗೆ ಬರುತ್ತಿದ್ದ ಇಂಗ್ಲಿಷರಿಗೆ ಮಾರಿ ಹೊಟ್ಟೆ ಹೊರೆದರು. ಬರಬರುತ್ತಾ ದೇವಾಲಯಗಳ ಪೀಠಚಿತ್ರಗಳನ್ನು ಬರೆಯುವ ಕೆಲಸ ಸಿಕ್ಕಿತು, ಹೆಸರೂ ಬಂತು.

1746ರಲ್ಲಿ ಅವರಿಗೆ ಯಾವ ಕಲಾವಿದನೂ ಕನಸು ಕಾಣುವಂಥ ಕೆಲಸ ದೊರೆಯಿತು. ಅದು ಸಂತ ಪೇತ್ರರ ಮಹಾದೇವಾಲಯಕ್ಕೆ ಒಂದು ಬೃಹತ್ ಚಿತ್ರ. ಮಾಂತ್ರಿಕ ಸಿಮೋನನ ಪತನ ಅದರ ವಿಷಯ. ಸುಮಾರು ಒಂಬತ್ತು ವರ್ಷ ಅದಕ್ಕಾಗಿ ದುಡಿದು 1755ರಲ್ಲಿ ಮುಗಿಸಿದರು. ಆದರೆ ಆ ಚಿತ್ರಕ್ಕೆ ಅಲ್ಲಿ ನೆಲೆ ಸಿಗಲಿಲ್ಲ. ಅದನ್ನು ಅಲ್ಲಿಂದ ತೆಗೆದು ರೋಮಿನ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ದೇವಾಲಯಕ್ಕೆ ಸಾಗಿಸಿದರು. ಇಂದಿಗೂ ಅದು ಅಲ್ಲಿಯೇ ಇದೆ. ಒಂಬತ್ತು ವರ್ಷದ ದುಡಿಮೆಯ ಫಲ ಹೀಗಾದಾಗ ಎಂಥವರಿಗಾದರೂ ಮನಸ್ಸು ನೋಯದಿರದು.

ಆಮೇಲೆ ಬಟೋನಿ ಹೆಚ್ಚಾಗಿ ಭಾವಚಿತ್ರಗಳತ್ತ ವಾಲಿದರು. ಯುರೋಪಿನ ಶ್ರೀಮಂತರ ಮಕ್ಕಳು ವಿದ್ಯಾಭ್ಯಾಸ ಮುಗಿಸಿ ಇಟಲಿ ಪ್ರವಾಸಕ್ಕೆ ಬರುವುದು ಆಗಿನ ಕಾಲದ ರೂಢಿ. ರೋಮಿಗೆ ಬಂದವರು ಬಟೋನಿಯವರ ಮುಂದೆ ಕೂತು ಒಂದು ಚಿತ್ರ ಬರೆಸಿಕೊಳ್ಳದೆ ಹೋಗುವುದು ಅಪರೂಪವೆನ್ನುವಷ್ಟು ಅವರ ಹೆಸರು ಬೆಳೆಯಿತು. ರೇಷ್ಮೆ ಉಡುಪು, ಕಸೂತಿ, ತುಪ್ಪಳದ ಅಂಚು, ಪಕ್ಕದಲ್ಲೊಂದು ಸಾಕುನಾಯಿ, ಹಿಂದೆ ರೋಮಿನ ಹಳೆಯ ಕಟ್ಟಡ. ನೂರಕ್ಕೂ ಹೆಚ್ಚು ಬ್ರಿಟಿಷ್ ಯಾತ್ರಿಕರನ್ನು ಅವರು ಹೀಗೆ ಚಿತ್ರಿಸಿದರು. ಜಗದ್ಗುರು ಹದಿಮೂರನೆಯ ಕ್ಲೆಮೆಂಟರ ಭಾವಚಿತ್ರವನ್ನೂ ಬರೆದರು. 1769ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ರೋಮಿಗೆ ಬಂದಾಗ ಅವರನ್ನೂ ಅವರ ತಮ್ಮ ಲಿಯೊಪೋಲ್ಡರನ್ನೂ ಒಂದೇ ಚಿತ್ರದಲ್ಲಿ ಬರೆದರು. ಅಂದಿನ ರೋಮ್ ನಗರದಲ್ಲಿ ಅವರಷ್ಟು ಬೇಡಿಕೆಯಿದ್ದ ಭಾವಚಿತ್ರಕಾರರು ಬೇರೊಬ್ಬರಿರಲಿಲ್ಲ. ಇಂಥವರ ಕೈಯಿಂದಲೇ ತಿರುಹೃದಯದ ಚಿತ್ರ ಮೂಡಿತು.

ಒಪ್ಪಿಗೆಗೆ ಕಾದ ಭಕ್ತಿ

ಆ ಹೊತ್ತಿಗೆ ತಿರುಹೃದಯದ ಭಕ್ತಿ ಹುಟ್ಟಿ ಬಹಳ ಕಾಲವಾಗಿತ್ತು. ಶಿಲುಬೆಯ ಮೇಲೆ ಪ್ರಾಣಬಿಟ್ಟ ಪ್ರಭುವಿನ ಪಕ್ಕೆಯನ್ನು ಸೈನಿಕನು ಈಟಿಯಿಂದ ತಿವಿದಾಗ ರಕ್ತವೂ ನೀರೂ ಹರಿದವೆಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ಆ ತೆರೆದ ಪಕ್ಕೆಯನ್ನು ಧ್ಯಾನಿಸುವುದು ಧರ್ಮಸಭೆಯಷ್ಟೇ ಹಳೆಯದು. ಫ್ರಾನ್ಸಿನಲ್ಲಿ ಸಂತ ಜಾನ್ ಯೂಡ್ಸ್ 1672ರಲ್ಲಿಯೇ ತಮ್ಮ ಸಭೆಯವರೊಡನೆ ತಿರುಹೃದಯದ ಹಬ್ಬವನ್ನು ಆಚರಿಸಿದ್ದರು. ಮರುವರ್ಷ, 1673ರಲ್ಲಿ, ಪಾರೆ-ಲೆ-ಮೋನಿಯಾಲ್ ಎಂಬ ಸಣ್ಣ ಊರಿನ ಕನ್ಯಾಮಠದಲ್ಲಿ ಸಂತ ಮಾರ್ಗರೆಟ್ ಮೇರಿ ಅಲಕೋಕ್ ಅವರಿಗೆ ಪ್ರಭುವಿನ ದರ್ಶನಗಳು ಆರಂಭವಾದವು. ಮನುಷ್ಯರನ್ನು ಇಷ್ಟೊಂದು ಪ್ರೀತಿಸಿದ ಹೃದಯಕ್ಕೆ ಮರುಪ್ರೀತಿ ಸಿಗುತ್ತಿಲ್ಲ ಎಂಬುದೇ ಆ ದರ್ಶನಗಳ ಸಾರ. ಯೇಸುಸಭೆಯ ಗುರುಗಳಾದ ಸಂತ ಕ್ಲೋಡ್ ದ ಲಾ ಕೊಲಂಬಿಯೇರ್ ಆ ಕನ್ಯಾಸ್ತ್ರೀಯ ಮಾತನ್ನು ನಂಬಿ ಬೆನ್ನಿಗೆ ನಿಂತರು. ಅಂದಿನಿಂದ ಈ ಭಕ್ತಿಯನ್ನು ಹರಡುವುದು ಯೇಸುಸಭೆಯವರ ಸೇವೆಯಾಯಿತು.

ಆಗ ಇದ್ದ ಚಿತ್ರಗಳಲ್ಲಿ ಹೆಚ್ಚಾಗಿ ಹೃದಯವೊಂದೇ ಕಾಣುತ್ತಿತ್ತು. 1685ರಲ್ಲಿ ಸಂತ ಮಾರ್ಗರೆಟ್ ಮೇರಿಯವರ ಕೈಕೆಳಗಿನ ನವಶಿಷ್ಯೆಯರು ಪೂಜಿಸಿದ್ದೂ ಕಾಗದದ ಮೇಲೆ ಶಾಯಿಯಲ್ಲಿ ಬರೆದ ಅಂಥದೇ ಚಿತ್ರ. ಅದರಲ್ಲಿ ಹೃದಯ, ಗಾಯ, ಮುಳ್ಳಿನ ಸುತ್ತು, ಶಿಲುಬೆ ಇದ್ದವು. ಯೇಸುಸ್ವಾಮಿಯ ಮುಖವಿರಲಿಲ್ಲ.

ರೋಮಿನ ಅಧಿಕಾರಿಗಳು ಈ ಹಬ್ಬಕ್ಕೆ ಸುಲಭವಾಗಿ ಒಪ್ಪಲಿಲ್ಲ. 1729ರಲ್ಲಿ ಬಂದ ಮನವಿಯನ್ನು ತಳ್ಳಿಹಾಕಲಾಯಿತು. ಪ್ರೀತಿಯ ನೆಲೆ ಹೃದಯವೇ ಎಂಬುದನ್ನು ವಿದ್ವಾಂಸರು ಇನ್ನೂ ತೀರ್ಮಾನಿಸಿಲ್ಲವಲ್ಲ, ಅದರ ಮೇಲೆ ಹಬ್ಬವನ್ನು ಕಟ್ಟುವುದು ಹೇಗೆ ಎಂಬುದು ಒಂದು ಆಕ್ಷೇಪ. ಜಾನ್ಸೆನಿಸ್ಟರೆಂಬ ಕಟ್ಟುನಿಟ್ಟಿನ ಪಂಗಡದವರಂತೂ ತಿರುಹೃದಯದ ಭಕ್ತರನ್ನು ಹೃದಯಪೂಜಕರೆಂದು ಹೀಯಾಳಿಸಿದರು. ದೇಹದ ಒಂದು ಅಂಗವನ್ನು ಬೇರ್ಪಡಿಸಿ ಆರಾಧಿಸುತ್ತಾರೆ ಎಂಬುದು ಅವರ ದೂರು. ಕೊನೆಗೆ 1765ರಲ್ಲಿ ಜಗದ್ಗುರು ಹದಿಮೂರನೆಯ ಕ್ಲೆಮೆಂಟರು ಪೋಲೆಂಡಿನ ಧರ್ಮಾಧ್ಯಕ್ಷರಿಗೂ ರೋಮಿನ ತಿರುಹೃದಯದ ಭಕ್ತಸಂಘಕ್ಕೂ ಈ ಹಬ್ಬವನ್ನು ಆಚರಿಸಲು ಅಪ್ಪಣೆ ಕೊಟ್ಟರು.

ಅಂಗೈಯಲ್ಲಿ ಹಿಡಿದ ಹೃದಯ

ರೋಮಿನ ಜೆಸು ದೇವಾಲಯ ಯೇಸುಸಭೆಯವರ ತಾಯಿದೇವಾಲಯ. ಸಂತ ಇಗ್ನಾಸಿಯವರ ಸಮಾಧಿ ಅಲ್ಲಿದೆ. ಭಾರತಕ್ಕೆ ಶುಭಸಂದೇಶ ತಂದ ಸಂತ ಫ್ರಾನ್ಸಿಸ್ ಜೇವಿಯರರ ಪಾರ್ಥಿವ ಶರೀರ ಗೋವೆಯಲ್ಲಿದ್ದರೆ, ಅವರ ಬಲಗೈ ಇರುವುದು ಈ ದೇವಾಲಯದಲ್ಲಿ. ಹಬ್ಬಕ್ಕೆ ಅಪ್ಪಣೆ ಸಿಕ್ಕಿದ ಎರಡೇ ವರ್ಷಕ್ಕೆ, ಈ ದೇವಾಲಯದ ಒಂದು ಪುಟ್ಟ ಪ್ರಾರ್ಥನಾಲಯಕ್ಕಾಗಿ ಬಟೋನಿಯವರು ತಿರುಹೃದಯದ ಚಿತ್ರವನ್ನು ಬರೆದುಕೊಟ್ಟರು.

ಅದು ಬಟ್ಟೆಯ ಮೇಲೆ ಬರೆದ ಚಿತ್ರವಲ್ಲ, ತಾಮ್ರದ ತಗಡಿನ ಮೇಲೆ ಎಣ್ಣೆಬಣ್ಣದಿಂದ ಬರೆದದ್ದು. ಬಟ್ಟೆಯ ನೇಯ್ಗೆ ಬಣ್ಣವನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ನುಣುಪಾದ ತಾಮ್ರ ಹೀರುವುದಿಲ್ಲ. ಬಣ್ಣ ಮೇಲೆಯೇ ನಿಂತು ಹೊಳೆಯುತ್ತದೆ, ಕೂದಲೆಳೆಯಂಥ ಗೆರೆಯೂ ಸ್ಪಷ್ಟವಾಗಿ ಮೂಡುತ್ತದೆ. ಲೋಹದ ಗುಣ ಅಕ್ಕಸಾಲಿಗನ ಮಗನಿಗೆ ಚಿಕ್ಕಂದಿನಿಂದಲೇ ಗೊತ್ತು. ಅಪ್ಪನ ಅಂಗಡಿಯಲ್ಲಿ ಪಳಗಿದ ಕೈ ಇಲ್ಲಿ ಪ್ರಭುವಿನ ಸೇವೆಗೆ ಬಂತೆಂದು ಹೇಳಬಹುದು.

ಚಿತ್ರದಲ್ಲಿ ಯೇಸುಸ್ವಾಮಿ ಎದೆಯವರೆಗೆ ಕಾಣುತ್ತಾರೆ. ಕೆಂಪು ಅಂಗಿ, ಅದರ ಮೇಲೆ ನೀಲಿ ಹೊದಿಕೆ. ತಲೆ ತುಸು ವಾಲಿದೆ. ಕಣ್ಣುಗಳು ನೇರವಾಗಿ ನಮ್ಮನ್ನೇ ನೋಡುತ್ತವೆ. ಎಡಗೈಯಲ್ಲಿ ಅವರು ತಮ್ಮ ಹೃದಯವನ್ನು ಹಿಡಿದಿದ್ದಾರೆ. ಅದು ಉರಿಯುತ್ತಿದೆ, ಸುತ್ತಲೂ ಮುಳ್ಳುಗಳಿವೆ, ಮೇಲೊಂದು ಶಿಲುಬೆಯಿದೆ, ಈಟಿಯ ಗಾಯವಿದೆ. ಮೊಳೆಯ ಗಾಯವಿರುವ ಬಲಗೈ ಆ ಹೃದಯದತ್ತ ತೋರಿಸುತ್ತಿದೆ.

ನಮ್ಮ ಮನೆಗಳ ಪಟಗಳಲ್ಲಿ ಸಾಮಾನ್ಯವಾಗಿ ಹೃದಯ ಎದೆಯ ಮೇಲಿರುತ್ತದೆ. ಬಟೋನಿಯವರ ಚಿತ್ರದಲ್ಲಿ ಅದು ಅಂಗೈಯಲ್ಲಿದೆ. ಮನೆಗೆ ಬಂದವರಿಗೆ ನಾವು ಹಣ್ಣನ್ನೋ ನೀರನ್ನೋ ಕೈಯಲ್ಲಿ ಹಿಡಿದು ಕೊಡುತ್ತೇವಲ್ಲ, ಹಾಗೆ ಪ್ರಭು ತಮ್ಮ ಹೃದಯವನ್ನು ಹಿಡಿದು ನಿಂತಿದ್ದಾರೆ. ತೆಗೆದುಕೊಳ್ಳುವುದೂ ಬಿಡುವುದೂ ಎದುರಿಗಿರುವವರ ಇಷ್ಟ.

ಇನ್ನೊಂದು ಮಾತನ್ನೂ ಗಮನಿಸಬೇಕು. ಭಾವಚಿತ್ರ ಬರೆಯುವುದು ಬಟೋನಿಯವರ ವೃತ್ತಿ. ಒಬ್ಬ ವ್ಯಕ್ತಿ ಎದುರಿಗೆ ಕುಳಿತು ನಮ್ಮನ್ನೇ ನೋಡುತ್ತಿರುವಂತೆ ಬರೆಯುವುದರಲ್ಲಿ ಅವರು ನಿಸ್ಸೀಮರು. ಅದೇ ಕೈಚಳಕವನ್ನು ಅವರು ಇಲ್ಲಿ ಬಳಸಿದರು. ಹೃದಯಕ್ಕೆ ಮುಖ ಬಂತು, ಮುಖಕ್ಕೆ ನೋಟ ಬಂತು. ಬೇರ್ಪಟ್ಟ ಅಂಗವೊಂದನ್ನು ಪೂಜಿಸುತ್ತಾರೆಂದು ಹೀಯಾಳಿಸಿದವರಿಗೆ ಈ ಚಿತ್ರವೇ ಉತ್ತರವಾಯಿತು. ನಾವು ಆರಾಧಿಸುವುದು ನಮ್ಮನ್ನು ಪ್ರೀತಿಸುವ ಜೀವಂತ ಕ್ರಿಸ್ತರನ್ನು, ಹೃದಯ ಅವರ ಪ್ರೀತಿಯ ಗುರುತು. 2024ರ ಅಕ್ಟೋಬರ್ 24ರಂದು ಹೊರಡಿಸಿದ ವಿಶ್ವಪತ್ರದಲ್ಲಿ ಜಗದ್ಗುರು ಫ್ರಾನ್ಸಿಸರು ಕೂಡ ಹೃದಯದ ಚಿತ್ರವನ್ನು ಕ್ರಿಸ್ತರ ವ್ಯಕ್ತಿತ್ವದಿಂದ ಬೇರೆ ಮಾಡಿ ನೋಡಬಾರದೆಂದು ಒತ್ತಿ ಹೇಳಿದ್ದಾರೆ.

ಬಿರುಗಾಳಿಯ ನಡುವೆ

ಇಷ್ಟು ಸುಂದರವಾದ ಚಿತ್ರ ಬಂದ ಮೇಲೆ ಜೆಸು ದೇವಾಲಯದ ಗುರುಗಳಿಗೆ ಒಳ್ಳೆಯ ದಿನಗಳು ಬಂದವೆಂದು ನಾವು ಎಣಿಸಬಹುದು. ನಡೆದದ್ದು ಬೇರೆಯೇ.

ಯುರೋಪಿನ ಅರಸರು ಆಗ ಯೇಸುಸಭೆಯ ಮೇಲೆ ಮುನಿದಿದ್ದರು. 1759ರಲ್ಲಿ ಪೋರ್ಚುಗಲ್ ಅವರನ್ನು ಹೊರಗಟ್ಟಿತು. 1764ರಲ್ಲಿ ಫ್ರಾನ್ಸಿನ ಅರಸ ಸಭೆಯನ್ನು ತನ್ನ ರಾಜ್ಯದಲ್ಲಿ ರದ್ದುಪಡಿಸಿದ. ಬಟೋನಿಯವರು ಚಿತ್ರ ಬರೆದ 1767ರಲ್ಲಿಯೇ ಸ್ಪೇನ್ ದೇಶ ತನ್ನೆಲ್ಲ ಯೇಸುಸಭೆಯ ಗುರುಗಳನ್ನೂ ಸಹೋದರರನ್ನೂ ಹಡಗು ಹತ್ತಿಸಿ ಕಳಿಸಿತು. ಅರಸರ ಒತ್ತಡ ಹೆಚ್ಚುತ್ತಲೇ ಹೋಯಿತು. 1773ರ ಜುಲೈ 21ರಂದು ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಇಡೀ ಯೇಸುಸಭೆಯನ್ನೇ ವಿಸರ್ಜಿಸಿದರು. ತಿರುಹೃದಯದ ಚಿತ್ರ ಬಂದು ಆಗ ಆರೇ ವರ್ಷ.

ಸಭೆಯ ಮಹಾಧಿಕಾರಿಗಳಾಗಿದ್ದ ಲೊರೆಂಜೊ ರಿಚ್ಚಿಯವರನ್ನು ಸಂತ ಆಂಜೆಲೊ ಕೋಟೆಯಲ್ಲಿ ಸೆರೆಯಿಟ್ಟರು. ಜೆಸು ದೇವಾಲಯದಿಂದ ಆ ಕೋಟೆ ಬಹು ದೂರವೇನಲ್ಲ. ಆದರೂ ಜೀವಂತವಾಗಿ ಅವರು ಹಿಂದಿರುಗಲಿಲ್ಲ. ಕೊನೆಯ ಪರಮಪ್ರಸಾದವನ್ನು ಸ್ವೀಕರಿಸುವ ವೇಳೆ, ಇಂಥ ಶಿಕ್ಷೆಗೆ ಸಭೆಯಾಗಲಿ ತಾವಾಗಲಿ ಕಾರಣ ಕೊಟ್ಟಿಲ್ಲವೆಂದು ಅವರು ಹೇಳಿದರು. 1775ರ ನವೆಂಬರಿನಲ್ಲಿ ಸೆರೆಯಲ್ಲೇ ಕಣ್ಣುಮುಚ್ಚಿದರು. ಶವವಾಗಿ ಜೆಸು ದೇವಾಲಯಕ್ಕೆ ಮರಳಿ ಅಲ್ಲಿಯೇ ಸಮಾಧಿಯಾದರು.

ಆ ಬಿರುಗಾಳಿ ನಮ್ಮ ನಾಡಿಗೂ ಬೀಸಿತು. 1649ರಲ್ಲಿ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಬೇರೂರಿಸಿದ ಮೈಸೂರು ಮಿಷನ್ ಯೇಸುಸಭೆಯವರ ಬೆವರಿನಿಂದ ಬೆಳೆದದ್ದು. ಸಭೆ ವಿಸರ್ಜನೆಯಾದ ಮೇಲೆ ಅಲ್ಲಿಯ ವಿಶ್ವಾಸಿಗಳಿಗೆ ಹೊಸ ಯೇಸುಸಭೆಯ ಗುರುಗಳು ಬರುವುದು ನಿಂತುಹೋಯಿತು. ಮುಂದೆ ಈ ಮಿಷನ್ನಿನ ಹೊಣೆ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುಗಳ ಪಾಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಟ್ಟುಗೂಡಿಸಲು ಬಂದ ಅಬ್ಬೆ ದುಬುವಾ ಆ ಸಂಸ್ಥೆಗೆ ಸೇರಿದವರು.

ಚಿತ್ರವೂ ಟೀಕೆಯಿಂದ ತಪ್ಪಿಸಿಕೊಳ್ಳಲಿಲ್ಲ. ತಿರುಹೃದಯದ ಭಕ್ತಿಯನ್ನು ಅಲ್ಲಗಳೆಯುವವರು ಇಟಲಿಯಲ್ಲಿಯೂ ಇದ್ದರು. 1786ರಲ್ಲಿ ಪಿಸ್ತೋಯಿಯಾ ಧರ್ಮಪ್ರಾಂತ್ಯದಲ್ಲಿ ನಡೆದ ಸಿನೊಡ್ ಸಭೆ ಇದನ್ನು ಬಹಿರಂಗವಾಗಿಯೇ ಟೀಕಿಸಿತು. 1794ರಲ್ಲಿ ಜಗದ್ಗುರು ಆರನೆಯ ಪಯಸ್ಸರು ಆ ಟೀಕೆಯನ್ನು ಖಂಡಿಸಿ ಭಕ್ತಿಯನ್ನು ಎತ್ತಿಹಿಡಿದರು. 1814ರಲ್ಲಿ ಜಗದ್ಗುರು ಏಳನೆಯ ಪಯಸ್ಸರು ಯೇಸುಸಭೆಗೆ ಮತ್ತೆ ಜೀವ ಕೊಟ್ಟರು. ಬರೆಸಿದವರು ಚದುರಿಹೋದರೂ ಬರೆಸಿದ ಚಿತ್ರ ಉಳಿಯಿತು.

ರಾಣಿಯ ಹರಕೆ

ಇದೇ ಕಾಲದಲ್ಲಿ ಪೋರ್ಚುಗಲ್ಲಿನಲ್ಲಿ ಒಂದು ಸೋಜಿಗ ನಡೆಯಿತು. ಯೇಸುಸಭೆಯವರನ್ನು ಮೊಟ್ಟಮೊದಲು ಹೊರಗಟ್ಟಿದ ರಾಜ್ಯ ಅದು. ಹಾಗೆ ಮಾಡಿದ ಅರಸನ ಮಗಳೇ ಮರಿಯಾ. ತನಗೊಬ್ಬ ಗಂಡುಮಗು ಹುಟ್ಟಿದರೆ ದೇವಾಲಯ ಕಟ್ಟಿಸುವೆನೆಂದು ಆಕೆ ಹರಕೆ ಹೊತ್ತಿದ್ದರು. 1761ರಲ್ಲಿ ಮಗ ಜೋಸೆ ಹುಟ್ಟಿದ. 1777ರಲ್ಲಿ ಮರಿಯಾ ರಾಣಿಯಾದರು. 1779ರಲ್ಲಿ ಲಿಸ್ಬನ್ ನಗರದ ಎಸ್ತ್ರೇಲಾ ಎಂಬಲ್ಲಿ ತಿರುಹೃದಯದ ಹೆಸರಿನಲ್ಲಿ ದೊಡ್ಡ ದೇವಾಲಯದ ಕೆಲಸ ಆರಂಭವಾಯಿತು. ಅದರ ಪೀಠಚಿತ್ರಗಳನ್ನು ಬರೆಯಲು ರಾಣಿ ಆರಿಸಿಕೊಂಡದ್ದು ಬಟೋನಿಯವರನ್ನೇ. ಎಪ್ಪತ್ತು ದಾಟಿದ್ದ ಬಟೋನಿಯವರು ರೋಮಿನಲ್ಲೇ ಕುಳಿತು ಅವನ್ನು ಬರೆದರು.

ದೇವಾಲಯ 1790ರಲ್ಲಿ ಪೂರ್ತಿಯಾಯಿತು. ಆದರೆ ಯಾವ ಮಗನಿಗಾಗಿ ಹರಕೆ ಹೊತ್ತಿದ್ದರೋ ಆ ಮಗ 1788ರಲ್ಲಿ ಸಿಡುಬಿನಿಂದ ತೀರಿಕೊಂಡಿದ್ದ. ಹರಕೆ ತೀರಿಸುತ್ತಿರುವಾಗಲೇ ಮಗನನ್ನು ಕಳೆದುಕೊಂಡ ಆ ತಾಯಿಯ ಎದೆ ಹೇಗೆ ತಡೆಯಿತೋ. ಆದರೂ ದೇವಾಲಯದ ಕೆಲಸ ನಿಲ್ಲಲಿಲ್ಲ. ಇಂದಿಗೂ ಲಿಸ್ಬನ್ನಿನಲ್ಲಿ ಅದು ನಿಂತಿದೆ.

ಬಟೋನಿಯವರು 1787ರ ಫೆಬ್ರವರಿ 4ರಂದು ರೋಮಿನಲ್ಲಿ ನಿಧನರಾದರು. ಅರಸರನ್ನೂ ಪ್ರಭುಗಳನ್ನೂ ಚಿತ್ರಿಸಿ ಗಳಿಸಿದ ಹಣ ದೊಡ್ಡ ಸಂಸಾರದ ಕೈಯಲ್ಲಿ ನಿಲ್ಲಲಿಲ್ಲ. ಅವರು ಹೋದ ಮೇಲೆ ಪತ್ನಿಯು ಗಂಡನ ಕೊನೆಯ ಸ್ವಂತ ಭಾವಚಿತ್ರವನ್ನು ಮುಂದಿಟ್ಟು ಟಸ್ಕನಿಯ ಅರಸರ ನೆರವು ಕೇಳಬೇಕಾಯಿತು. ಶ್ರೀಮಂತರ ಚಿತ್ರಗಳು ಶ್ರೀಮಂತರ ಮಹಲುಗಳಿಗೂ ಮುಂದೆ ವಸ್ತುಸಂಗ್ರಹಾಲಯಗಳಿಗೂ ಹೋದವು. ತಾಮ್ರದ ಮೇಲಿನ ಚಿಕ್ಕ ಚಿತ್ರ ಮಾತ್ರ ಬಡವರ ಗೋಡೆಯನ್ನು ಹುಡುಕಿಕೊಂಡು ಹೊರಟಿತು.

ರೋಮಿನಿಂದ ನಮ್ಮ ಗೋಡೆಗೆ

ಕಲಾವಿದರು ಅದನ್ನು ನೋಡಿ ನಕಲು ಬರೆದರು. ತಗಡಿನಲ್ಲಿ ಕೊರೆದು ಕಾಗದದ ಮೇಲೆ ಅಚ್ಚು ಹಾಕಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಣ್ಣದ ಕಲ್ಲಚ್ಚಿನ ಮುದ್ರಣ ಬಂದ ಮೇಲೆ ಕೂಲಿಕಾರರೂ ಕೊಳ್ಳಬಹುದಾದ ಬೆಲೆಗೆ ತಿರುಹೃದಯದ ಪಟ ಸಿಕ್ಕಿತು. 1856ರಲ್ಲಿ ಜಗದ್ಗುರು ಒಂಬತ್ತನೆಯ ಪಯಸ್ಸರು ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. 1899ರ ಜೂನ್ 11ರಂದು ಜಗದ್ಗುರು ಹದಿಮೂರನೆಯ ಲಿಯೊ ಅವರು ಇಡೀ ಮಾನವಕುಲವನ್ನು ತಿರುಹೃದಯಕ್ಕೆ ಸಮರ್ಪಿಸಿದರು. 1907ರಲ್ಲಿ ಗುರು ಮತೆಯೊ ಕ್ರಾಲೆ ಅವರು ಮನೆಮನೆಯಲ್ಲಿ ತಿರುಹೃದಯದ ಪಟವನ್ನು ಪ್ರತಿಷ್ಠಾಪಿಸುವ ಕಾರ್ಯವನ್ನು ಆರಂಭಿಸಿದರು. ನಮ್ಮ ಮನೆಗಳಲ್ಲಿ ಗುರುಗಳನ್ನು ಕರೆಸಿ ಪಟವನ್ನು ಆಶೀರ್ವದಿಸಿ, ಕುಟುಂಬವನ್ನು ಪ್ರಭುವಿಗೆ ಸಮರ್ಪಿಸುವ ಪದ್ಧತಿ ಹೀಗೆ ಬಂದದ್ದು.

ಈಗ ನಮ್ಮ ಮನಸ್ಸನ್ನು ಕೊರೆಯುವ ಒಂದು ಪ್ರಶ್ನೆಗೆ ಬರೋಣ. ತಿರುಹೃದಯದ ಪಟವನ್ನು ಇಟ್ಟು ಗೌರವಿಸುವ ಮನೆಯನ್ನು ಪ್ರಭು ಆಶೀರ್ವದಿಸುವರೆಂಬ ವಾಗ್ದಾನವನ್ನು ನಾವು ಕೇಳುತ್ತಾ ಬೆಳೆದಿದ್ದೇವೆ. ಹಾಗಿದ್ದರೂ ಪಟವಿರುವ ಮನೆಗೇ ಕಾಯಿಲೆ ಬರುತ್ತದೆ. ಸಾಲ ಬೆಳೆಯುತ್ತದೆ. ದುಡಿಯುವ ಮಗ ಅಪಘಾತದಲ್ಲಿ ಹೋಗುತ್ತಾನೆ. ಇಷ್ಟು ವರ್ಷ ದೀಪ ಹಚ್ಚಿದ್ದಕ್ಕೆ ಇದೇನಾ ಫಲ ಎಂದು ಕೆಲವರು ಕೇಳುತ್ತಾರೆ. ಕೇಳಲಾರದವರು ಒಳಗೊಳಗೇ ಅಳುತ್ತಾರೆ. ನಮ್ಮದು ಭಕ್ತಿಯಿಲ್ಲದ ಮನೆಯೆಂದೇ ಹೀಗಾಯಿತೇನೋ ಎಂದು ತಮ್ಮನ್ನೇ ದೂಷಿಸಿಕೊಳ್ಳುವವರೂ ಉಂಟು.

ಅಂಥವರಿಗೆ ಈ ಚಿತ್ರದ ಚರಿತ್ರೆ ಸಾಂತ್ವನದ ಮಾತು ಹೇಳುತ್ತದೆ. ಮೊದಲು ಇದರ ಮುಂದೆ ಮೊಣಕಾಲೂರಿದ ಗುರುಗಳು ಆರೇ ವರ್ಷದಲ್ಲಿ ಮನೆಮಠ ಕಳೆದುಕೊಂಡರು. ಅವರ ಹಿರಿಯರು ಸೆರೆಯಲ್ಲಿ ಸತ್ತರು. ಹರಕೆ ಹೊತ್ತ ರಾಣಿ ಮಗನನ್ನು ಕಳೆದುಕೊಂಡರು. ಇವರೆಲ್ಲ ಭಕ್ತಿಯಲ್ಲಿ ಕಡಿಮೆಯವರೆಂದು ಯಾರೂ ಹೇಳಲಾರರು. ತಿರುಹೃದಯದ ಪಟ ಕಷ್ಟ ತಡೆಯಲು ಬಾಗಿಲಿಗೆ ಕಟ್ಟುವ ತಾಯಿತದಂಥದಲ್ಲ. ಅದರಲ್ಲಿರುವ ಹೃದಯಕ್ಕೇ ಮುಳ್ಳು ಚುಚ್ಚಿದೆ, ಈಟಿ ನಾಟಿದೆ. ನಮ್ಮ ನೋವಿಗೆ ಹೊರಗಿನವರಾಗಿ ಪ್ರಭು ನಿಂತಿಲ್ಲ. ಗಾಯವಾದ ಮೇಲೂ ಉರಿಯುವುದನ್ನು ನಿಲ್ಲಿಸದ ಪ್ರೀತಿಯನ್ನು ಅವರು ಅಂಗೈಯಲ್ಲಿ ಹಿಡಿದು ತೋರಿಸುತ್ತಿದ್ದಾರೆ. ಕಷ್ಟದಲ್ಲಿ ಒಬ್ಬಂಟಿಯಾಗಿ ಬಿಡದಿರುವುದೇ ಅವರ ಆಶೀರ್ವಾದ.

ಆ ಪ್ರೀತಿಗೆ ನಮ್ಮಿಂದಲೂ ಉತ್ತರ ಬೇಕು. ಪಟದ ಮುಂದೆ ದೀಪ ಉರಿಯುತ್ತಿರುವಾಗಲೇ ಅಣ್ಣತಮ್ಮಂದಿರು ಆಸ್ತಿಗಾಗಿ ಮಾತುಬಿಟ್ಟಿರುತ್ತಾರೆ. ಕುಡಿದು ಬಂದ ಗಂಡ ಆ ಕಣ್ಣುಗಳ ಎದುರಿಗೇ ಹೆಂಡತಿಯ ಮೇಲೆ ಕೈ ಎತ್ತುತ್ತಾನೆ. ಮೂಲೆಯಲ್ಲಿ ಮಲಗಿದ ಅಜ್ಜಿಗೆ ಒಂದು ಲೋಟ ನೀರು ಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಮುಳ್ಳುಗಳು ಇವೇ ಅಲ್ಲವೇ? ಪ್ರಭು ತಮ್ಮನ್ನು ಶಾಂತರೂ ದೀನಹೃದಯರೂ ಎಂದು ಕರೆದುಕೊಂಡು, ತಮ್ಮಿಂದ ಕಲಿಯಿರೆಂದು ಹೇಳಿದ್ದನ್ನು ಸಂತ ಮತ್ತಾಯರ ಶುಭಸಂದೇಶದಲ್ಲಿ ನಾವು ಓದುತ್ತೇವೆ. ಮಾತುಬಿಟ್ಟ ಅಣ್ಣನ ಮನೆಗೆ ಈ ಹಬ್ಬದಂದು ಹೋಗಿ ಬರುವುದು, ಎತ್ತಿದ ಕೈಯನ್ನು ಇಳಿಸಿ ಕ್ಷಮೆ ಕೇಳುವುದು, ಅಜ್ಜಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುವುದು, ಇವು ತಿರುಹೃದಯದಿಂದ ಕಲಿತ ಪಾಠಗಳು.

ಈ ಬಾರಿಯ ತಿರುಹೃದಯದ ಹಬ್ಬಕ್ಕೆ ಮುಂಚೆ ನಮ್ಮ ಮನೆಯ ಪಟವನ್ನು ಗೋಡೆಯಿಂದ ಇಳಿಸಿ, ಗಾಜಿನ ಮೇಲಿನ ಧೂಳನ್ನೂ ದೀಪದ ಮಸಿಯನ್ನೂ ಒರೆಸೋಣ. ಮಕ್ಕಳನ್ನು ಪಕ್ಕಕ್ಕೆ ಕರೆದು ಅಕ್ಕಸಾಲಿಗನ ಮಗನ ಕಥೆಯನ್ನೂ ಸೆರೆಯಲ್ಲಿ ಸತ್ತ ಗುರುವಿನ ಕಥೆಯನ್ನೂ ಹೇಳೋಣ. ಪಟವನ್ನು ಮತ್ತೆ ಅದರ ಜಾಗದಲ್ಲಿಟ್ಟು, ಮನೆಮಂದಿಯೆಲ್ಲ ಅದರ ಮುಂದೆ ಮೊಣಕಾಲೂರಿ, ನಮ್ಮ ಸಂತೋಷವನ್ನೂ ನಮ್ಮ ನೋವನ್ನೂ ಎರಡನ್ನೂ ಪ್ರಭುವಿನ ತಿರುಹೃದಯಕ್ಕೆ ಒಪ್ಪಿಸೋಣ.